ಬಟ್ಟೆಯಕ್ಕನ ಕೈ ಇಂಗ್ಲಿಷ್

ಆ ಹೋಟೆಲಿನ ನೆಲಮಾಳಿಗೆಯಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಒಂದು ಕಡೆ ಬಟ್ಟೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಒಣಗಿಸುವ ಯಂತ್ರಗಳು. ಎರಡೂ ಸೇರಿ ಎಬ್ಬಿಸುವ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿಯವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಎದೆಯ ಮುಂದೆ ಎರಡೂ ಕೈ ಉರುಳಿಸಿದರೆ ಯಂತ್ರ ಹಾಕು ಎಂದರ್ಥ. ಮೂಗು ಹಿಡಿದರೆ ಗಿರಾಕಿಗಳ ಕಾಲುಚೀಲದ ಮೂಟೆ ಬಂತು ಎಂದರ್ಥ. ಹೊಟ್ಟೆ ಮುಂದೆ ಮಾಡಿಕೊಂಡು ನಡೆದರೆ ಯಜಮಾನರು ಬರುತ್ತಿದ್ದಾರೆ ಎಂದರ್ಥ. ಇದನ್ನು ಒಮ್ಮೆ ಖುದ್ದು ಯಜಮಾನರೇ ನೋಡಿ, ಇವರೆಲ್ಲ ಬೆನ್ನುನೋವಿಗೆ ವ್ಯಾಯಾಮ ಮಾಡುತ್ತಿದ್ದಾರೆಂದು ಮೆಚ್ಚಿಕೊಂಡು ಹೋಗಿದ್ದರು.

ಈ ಕೈಮಾತಿನ ಸಂಸ್ಥಾನಕ್ಕೆ ರಾಣಿಯೆಂದರೆ ಬಟ್ಟೆಯಕ್ಕ. ಮದುವೆಯಾದ ಹೊಸದರಲ್ಲಿ ಇಲ್ಲಿಗೆ ಸೇರಿದವಳು, ಮಗಳ ಮದುವೆ ಮಾಡಿ ಕಳಿಸಿದರೂ ಅದೇ ನೆಲಮಾಳಿಗೆಯಲ್ಲಿ ಅದೇ ಬಿಳಿ ಹೊದಿಕೆಗಳನ್ನು ಮಡಚುತ್ತಿದ್ದಳು. ಕೆಲಸದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಕಿಟಕಿ ಇಲ್ಲದ್ದೇ ಅವಳ ಸಂಕಟ. ಬೆಳಿಗ್ಗೆ ಕೆಳಗಿಳಿದರೆ ಹೊರಗೆ ಬಿಸಿಲೋ ಮಳೆಯೋ ತಿಳಿಯುತ್ತಿರಲಿಲ್ಲ. ಗಿರಾಕಿಗಳು ಒದ್ದೆ ತಲೆ ಒರೆಸಿದ ಟವೆಲು ಜಾಸ್ತಿ ಬಂದರೆ ಮಳೆ ಎಂದುಕೊಳ್ಳಬೇಕು. ಹೀಗಿರುವಾಗ ಮೇಲಿನ ಸ್ವಾಗತದ ಕೌಂಟರಿನ ಹುಡುಗಿ ಕೆಲಸ ಬಿಡುತ್ತಾಳೆಂಬ ಸುದ್ದಿ ಬಂತು. ಕೌಂಟರಿನ ಎದುರಿಗೆ ಗೋಡೆಯಷ್ಟಗಲದ ಗಾಜು, ಗಾಜಿನಾಚೆ ಬೀದಿ, ಬೀದಿಯ ತುಂಬ ಹಗಲು. ಬಟ್ಟೆಯಕ್ಕನಿಗೆ ಆ ಜಾಗ ಬೇಕೇ ಬೇಕು ಅನ್ನಿಸಿಬಿಟ್ಟಿತು.

ಮ್ಯಾನೇಜರ್ ಮೇಡಂ ಒಳ್ಳೆಯವರು. "ಅಕ್ಕಾ, ನಂಗೇನೋ ನಿಮ್ಮನ್ನೇ ಕೂರಿಸೋಣ ಅಂತಿದೆ. ಆದ್ರೆ ಯಜಮಾನರು ಇಂಗ್ಲಿಷ್ ಪರೀಕ್ಷೆ ಮಾಡ್ತಾರೆ. ಬರೀ ಹಲೋ, ಥ್ಯಾಂಕ್ಯೂ ಸಾಲದು. ಈ ಟರ್ನ್ ಆಫ್, ಪುಟ್ ಡೌನ್, ಲುಕ್ ಆಫ್ಟರ್ ಇದಾವಲ್ಲ, ಅವೇ ದಿನಾ ಬೇಕಾಗೋದು," ಎಂದರು.

ಇಂಗ್ಲಿಷಿನವರ ಚಾಳಿಯೇ ಹಾಗೆ. ಒಂದು ಕ್ರಿಯಾಪದವನ್ನು ಅದರ ಪಾಡಿಗೆ ಬಿಡುವುದಿಲ್ಲ. ಅಪ್, ಡೌನ್, ಆಫ್, ಔಟ್ ಎಂದು ಏನಾದರೊಂದು ಬಾಲಂಗೋಚಿ ಕಟ್ಟಿಯೇ ಹಾರಿಸುತ್ತಾರೆ. ಬಾಲಂಗೋಚಿ ಬದಲಾದರೆ ಪಟ ಬೇರೆ ಊರಿಗೇ ಹೋಗುತ್ತದೆ. ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಮೊಮ್ಮಗಳ ಹಳೇ ಪುಸ್ತಕ ತಂದು ಪ್ರತಿದಿನ ಹೇಳಿಕೊಟ್ಟ. ಬಟ್ಟೆಯಕ್ಕ ಉರು ಹೊಡೆದಳು. ಒಂದು ಕಿವಿಯಲ್ಲಿ ಹೋಗಿದ್ದು ಇನ್ನೊಂದು ಕಿವಿಯಲ್ಲಿ ಹೊರಬಂತು. ಅದನ್ನು ದಾರಿಯಲ್ಲಿ ಹಿಡಿದುಕೊಂಡವರು ಅವಳ ಅತ್ತೆ.

ಅತ್ತೆಗೆ ಬೆಳಗಾದರೆ ಇದೇ ಆಟ. "ಏನೇ, ನಿನ್ ಗಂಡ ವೇಕ್ ಅಪ್ ಆಗಿ ಎಷ್ಟೊತ್ತಾಯ್ತು! ಕಣ್ಣು ಬಿಟ್ಕೊಂಡು ಬಿದ್ದಿದಾನೆ. ಗೆಟ್ ಅಪ್ ಆಗೋದು ಯಾವಾಗಂತೆ?"

"ಅಮ್ಮಾ, ಪರೀಕ್ಷೆ ಇರೋದು ಅವಳಿಗೆ," ಎಂದು ಮಗ ಗೊಣಗಿದರೆ, "ಷಟ್ ಅಪ್!" ಎಂದು ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಗುತ್ತಿತ್ತು. ಸೊಸೆಗೆ ಅಳುವೇ ಬಂತು.

ದಾರಿ ತೋರಿಸಿದ್ದು ಕೆಳಗಿನ ಇಸ್ತ್ರಿಯಣ್ಣ. ಅವಳ ಜೊತೆಯಲ್ಲೇ ತಲೆ ನರೆತವನು, ಮಾತು ಕಡಿಮೆ. ಅವಳ ಸಪ್ಪೆ ಮುಖ ನೋಡಿ ಊಟದ ಬಿಡುವಿನಲ್ಲಿ ಕಾರಣ ಕೇಳಿದ. ಹೇಳಿದಳು. "ಅಷ್ಟೇನಾ ಅಕ್ಕಾ? ಕೈಗೆ ಕಲ್ಸಿ, ಬಾಯಿ ತಾನಾಗೇ ಬರತ್ತೆ," ಎಂದ. ಅಲ್ಲಿಂದ ಒಂದೊಂದು ಮಾತಿಗೂ ಒಂದೊಂದು ಕೈಸನ್ನೆ ಹುಟ್ಟಿತು. ಪಿಕ್ ಅಪ್ ಎಂದರೆ ಬಗ್ಗಿ ಬುಟ್ಟಿ ಎತ್ತುವುದು. ಸಿಟ್ ಡೌನ್ ಎಂದರೆ ಉಬ್ಬಿದ ಹೊದಿಕೆಯನ್ನು ಅಂಗೈಯಿಂದ ಅಮುಕಿದ ಹಾಗೆ ಗಾಳಿಯನ್ನು ಅಮುಕುವುದು. ಲುಕ್ ಆಫ್ಟರ್ ಮಾತ್ರ ಕೈಗೆ ಸಿಗಲಿಲ್ಲ. ನೋಡಿಕೊಳ್ಳುವುದನ್ನು ಹೇಗೆ ತೋರಿಸುವುದು? ಇಸ್ತ್ರಿಯಣ್ಣ ತುಸು ಯೋಚಿಸಿ, ತನ್ನ ಅಂಗಿಯ ಕಾಲರನ್ನು ಎರಡು ಬೆರಳಿನಿಂದ ಮೆಲ್ಲಗೆ ಸವರಿ ಸರಿಮಾಡಿದ. ಅವನ ಮಟ್ಟಿಗೆ ಅದಕ್ಕಿಂತ ದೊಡ್ಡ ಅಕ್ಕರೆ ಲೋಕದಲ್ಲಿ ಇರಲಿಲ್ಲ.

ಪರೀಕ್ಷೆಯ ಹೊತ್ತಿಗೆ ಬಟ್ಟೆಯಕ್ಕನಿಗೆ ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿತ್ತು. ಕೈ ಆಡದೆ ಬಾಯಿ ಒಂದೇ ಓಡುವುದಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಯಜಮಾನರು ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿಯುತ್ತ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. "ಟರ್ನ್ ಆಫ್ ಹಾಕಿ ಒಂದು ವಾಕ್ಯ ಹೇಳಮ್ಮ."

"ಪ್ಲೀಸ್ ಟರ್ನ್ ಆಫ್ ದ ಫ್ಯಾನ್," ಎಂದಳು. ಫ್ಯಾನು ನಿಂತಿತು. ಸ್ವಿಚ್ಚಿನ ಮೇಲೆ ಅವಳ ಕೈಯಿತ್ತು.

"ಪುಟ್ ಡೌನ್?"

"ಪ್ಲೀಸ್ ಪುಟ್ ಡೌನ್ ದ ಕಪ್." ತುಟಿಗೆ ಹೋಗುತ್ತಿದ್ದ ಕಪ್ಪು ಯಜಮಾನರ ಕೈ ತಪ್ಪಿ ಮೇಜಿಗೆ ಬಂದು ಕೂತಿತು.

"ಥ್ರೋ ಅವೇ?" ಎಂದರು ಪಕ್ಕದಲ್ಲಿ ನಿಂತಿದ್ದ ಮೇಡಂ, ನೆರವಾಗಲೆಂದು. ಕೇಳಬಾರದಿತ್ತು. "ಪ್ಲೀಸ್ ಥ್ರೋ ಅವೇ ದ ಪೇಪರ್" ಎನ್ನುವುದರೊಳಗೆ ಇನ್ನೇನು ಮುಗಿಯಲಿದ್ದ ಪದಬಂಧ ಮುದ್ದೆಯಾಗಿ ಕಸದ ಬುಟ್ಟಿ ಸೇರಿತ್ತು.

ಯಜಮಾನರು ದಡಕ್ಕನೆ ಎದ್ದರು. ಬಟ್ಟೆಯಕ್ಕ ಗಾಬರಿಯಿಂದ ಎರಡೂ ಅಂಗೈಯಲ್ಲಿ ಗಾಳಿ ಅಮುಕಿ, "ಸರ್, ಪ್ಲೀಸ್ ಸಿಟ್ ಡೌನ್" ಎಂದಳು. ಅದರಲ್ಲಿ ಅದೇನಿತ್ತೋ, ಯಜಮಾನರು ಕೂತರು. ಮೇಡಂ ಕೂಡ ಕೂತರು. ಅವರಿಗೆ ಅಲ್ಲಿ ಕುರ್ಚಿ ಇರಲಿಲ್ಲ.

"ಕೈ ಕಟ್ಕೊಂಡು ಹೇಳಮ್ಮ!" ಯಜಮಾನರು ಗುಡುಗಿದರು. ಅವಳು ಕೈ ಕಟ್ಟಿದಳು. ಬಾಯಿಗೆ ಬೀಗ ಬಿತ್ತು. ಎಷ್ಟು ತಡಕಿದರೂ ಒಂದು ಅಕ್ಷರ ಹೊರಡಲಿಲ್ಲ. ಕೊನೆಗೆ ಯಜಮಾನರು ಬಾಗಿಲಿನತ್ತ ಬೆರಳು ಚಾಚಿ, "ಗೆಟ್ ಔಟ್!" ಎಂದರು. ಆ ಬಾಲಂಗೋಚಿಯೊಂದನ್ನು ಅವರೂ ಕೈ ಸಮೇತ ಹೇಳಿದರು ಎಂಬುದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹಗಲು ಕೈಗೆ ಬಂದು ಜಾರಿತ್ತು. ಇನ್ನುಳಿದ ಆಯಸ್ಸೆಲ್ಲ ಕೆಳಗೇ ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಟಳು.

ಕೌಂಟರಿನ ಹತ್ತಿರ ರಂಪವಾಗುತ್ತಿತ್ತು. ಎಲ್ಲಿಂದಲೋ ಬಂದ ಒಬ್ಬ ಮುದುಕಿ ಚೀಲವನ್ನು ಎದೆಗವಚಿಕೊಂಡು ಯಾರಿಗೂ ತಿಳಿಯದ ಭಾಷೆಯಲ್ಲಿ ಕೂಗಾಡುತ್ತಿದ್ದಳು. ಕೌಂಟರಿನ ಹುಡುಗಿಯ ಇಂಗ್ಲಿಷು ಮುತ್ತು ಪೋಣಿಸಿದಂತಿತ್ತು. ಆದರೆ ಮುದುಕಿಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ. ಬಟ್ಟೆಯಕ್ಕನಿಗೆ ತಡೆಯಲಾಗಲಿಲ್ಲ. "ಪುಟ್ ಡೌನ್ ದ ಬ್ಯಾಗ್, ಅಮ್ಮಾ," ಎಂದು ಇಲ್ಲದ ಚೀಲವೊಂದನ್ನು ನೆಲಕ್ಕಿಟ್ಟು ತೋರಿಸಿದಳು. ಮುದುಕಿ ಇಟ್ಟಳು. "ಸಿಟ್ ಡೌನ್." ಕೂತಳು. "ಟೇಕ್ ಆಫ್ ಯುವರ್ ಶೂಸ್." ಊದಿದ ಕಾಲು ಹೊರಬಂದು ಉಸಿರಾಡಿತು. "ಗೋ ಅಪ್. ಲೈ ಡೌನ್." ಮಹಡಿಯತ್ತ ಕೈ ತೋರಿ, ಕೆನ್ನೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಕೊನೆಗೆ, "ಐ ವಿಲ್ ಲುಕ್ ಆಫ್ಟರ್ ಯು" ಎಂದು ಮುದುಕಿಯ ಮುದುಡಿದ ಕಾಲರನ್ನು ಎರಡು ಬೆರಳಿನಿಂದ ಮೆಲ್ಲಗೆ ಸವರಿದಳು. ಮುದುಕಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಹಿಂದೆ ಯಜಮಾನರು ನಿಂತಿದ್ದರು, ಕೈಯಲ್ಲಿ ಮುದ್ದೆಯಾದ ಪದಬಂಧ ಬಿಡಿಸುತ್ತ. ತಮ್ಮ ಹೋಟೆಲಿಗೆ ಬರುವವರಲ್ಲಿ ಮುಕ್ಕಾಲು ಮಂದಿಗೆ ಇಂಗ್ಲಿಷೇ ಬಾರದೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಯಾಕೋ ನೆನಪಿಗೆ ಬಂದಿರಲಿಲ್ಲ, ಅಷ್ಟೆ. "ನಾಳೆಯಿಂದ ಮೇಲೆ ಬಾರಮ್ಮ," ಎಂದರು. "ನನ್ನ ಪೇಪರು ಮಾತ್ರ ಮುಟ್ಟಬೇಡ."

ಮಾರನೆಯ ದಿನ ಬಟ್ಟೆಯಕ್ಕ ಹಗಲಿನೆದುರು ಕೂತಳು. ಬಿಸಿಲು ಮೊದಲು ಕೌಂಟರಿನ ಮೇಲೆ ಬಂತು, ಆಮೇಲೆ ಅವಳ ಕೈಮೇಲೆ. ಇಷ್ಟು ವರ್ಷ ಬೇಡಿದ್ದು ಸಿಕ್ಕಿತ್ತು, ಆದರೂ ಮನಸ್ಸು ನೆಟ್ಟಗಿರಲಿಲ್ಲ. ಊಟದ ಬಿಡುವಾದದ್ದೇ ನೆಲಮಾಳಿಗೆಯ ಮೆಟ್ಟಿಲ ಬಳಿ ಹೋದಳು. ಕರೆದರೆ ಯಾರಿಗೆ ಕೇಳುತ್ತದೆ? ಮೇಲಿನ ತುದಿಯಲ್ಲಿ ನಿಂತು ಎರಡೂ ಕೈ ಬೀಸಿದಳು: ಕಮ್ ಅಪ್.

ಒಬ್ಬೊಬ್ಬರಾಗಿ ಬಂದರು. ಒದ್ದೆ ಏಪ್ರನ್ನು, ಸೋಪಿನ ಕೈ, ಬಿಸಿಲಿಗೆ ಮಿಟುಕುವ ಕಣ್ಣು. ಗಾಜಿನ ಮುಂದೆ ಸಾಲಾಗಿ ನಿಂತು ಬೀದಿ ನೋಡಿದರು. ಅಷ್ಟರಲ್ಲಿ ಯಾರೋ ಹೊಟ್ಟೆ ಮುಂದೆ ಮಾಡಿ ನಡೆದರು. ಹಿಂದೆಯೇ ಯಜಮಾನರು ಬಂದರು.

"ಇದೇನಿದು ಜಾತ್ರೆ!"

ಬಟ್ಟೆಯಕ್ಕ ಹೆದರಲಿಲ್ಲ. ಅಂಗೈಯಲ್ಲಿ ಗಾಳಿ ಅಮುಕಿದಳು. "ಸರ್, ಪ್ಲೀಸ್ ಸಿಟ್ ಡೌನ್."

ಯಜಮಾನರು ಕೂತರು. ಕೂತ ಮೇಲೆ ಏಳಲು ಕಾರಣ ಸಿಗದೆ ಅವರೂ ಬೀದಿ ನೋಡಿದರು.

ಇಸ್ತ್ರಿಯಣ್ಣ ಸಾಲಿನ ಕೊನೆಯಲ್ಲಿದ್ದ. ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಬಿಸಿಲು ನೋಡಿದ. ಆಮೇಲೆ ಅವಳ ಕಡೆ ತಿರುಗಿ ತನ್ನ ಕಾಲರನ್ನು ಎರಡು ಬೆರಳಿನಿಂದ ಮೆಲ್ಲಗೆ ಸವರಿದ. ಅಲ್ಲಿ ಯಾವ ಯಂತ್ರದ ಸದ್ದೂ ಇರಲಿಲ್ಲ, ಬಾಯಲ್ಲೇ ಹೇಳಬಹುದಿತ್ತು.