ಟೈಲ್ಸಿಗೆ ಸಮವಾದ ಹೊಸ್ತಿಲು

ಇವತ್ತು ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕಿ ಇನ್ನೇನು ಸೊಂಟ ನೆಟ್ಟಗೆ ಮಾಡಬೇಕು, ಎದುರು ಮನೆಯಲ್ಲಿ ಟೈಲ್ಸ್ ಕೊಯ್ಯುವ ಕಟರ್ ಚಾಲೂ ಆಯಿತು. ಹಲ್ಲಿನ ಬೇರಿಗೆ ಇಳಿಯುವ ಆ ಕೂಗು ನಿಮಗೂ ಗೊತ್ತಿರುತ್ತದೆ. ಅದರ ಹಿಂದೆಯೇ ಸುಟ್ಟ ಮಣ್ಣಿನಂಥ ಒಂದು ವಾಸನೆ, ಆಮೇಲೆ ಬಿಳಿ ದೂಳು. ನಾನು ಎಳೆದ ಗೆರೆ ಯಾವುದು, ಅವರು ಹಾರಿಸಿದ ದೂಳು ಯಾವುದು ತಿಳಿಯದ ಹಾಗಾಯಿತು. ಸಿಟ್ಟು ಬಂತು. ದೂಳಿಗೆ ಅಷ್ಟು ಸಿಟ್ಟು ಬರುವ ಹೆಂಗಸು ನಾನಲ್ಲ. ದೂಳು ಹೊಡೆಯುವುದರಲ್ಲೇ ಅರ್ಧ ಆಯುಷ್ಯ ಕಳೆದವಳು. ಆದರೆ ಟೈಲ್ಸಿನ ವಾಸನೆ ಮೂಗಿಗೆ ಬಡಿದರೆ ನನಗೆ ನಮ್ಮ ಜಗಲಿ ಕೋಣೆಯ, ಅಂದರೆ ದೇವರ ಕೋಣೆಯ, ಹೊಸ್ತಿಲು ನೆನಪಾಗುತ್ತದೆ. ಅದು ನೆನಪಾದರೆ ನಾನು ಸುಮ್ಮನಿರಲಾರೆ. ನಿಮಗೆ ಹೊತ್ತಿದ್ದರೆ ಕೇಳಿ.

ನಮ್ಮದು ಮಸ್ಕಿಯಲ್ಲಿ ಹಳೆಯ ಕಾಲದ ಮನೆ. ನೆಲಕ್ಕೆಲ್ಲ ಶಹಾಬಾದಿ ಪರಸಿ ಹಾಸಿತ್ತು. ಬೂದಿ ಬಣ್ಣದ ಕಲ್ಲು, ಚೆಂದವೇನಲ್ಲ. ಸಂದಿಯಲ್ಲಿ ಇರುವೆ, ಇರುವೆಯ ಸಂದಿಯಲ್ಲಿ ಮೊನ್ನೆಯ ಹೂರಣ. ಆದರೆ ನಮ್ಮ ಕಡೆಯ ಬೇಸಿಗೆ ನೀವು ಕಂಡಿದ್ದೀರಲ್ಲ? ಮಧ್ಯಾಹ್ನ ಆ ಕಲ್ಲಿನ ಮೇಲೆ ಬರೀ ಸೆರಗು ಹಾಸಿ ಮಲಗಿದರೆ ಶಿವ ಇಲ್ಲೇ ಇದ್ದಾನೆ ಅನ್ನಿಸುತ್ತಿತ್ತು. ಬಜಾರಿನಲ್ಲಿ ಕಿರಾಣಿ ಅಂಗಡಿ ನಡೆಸುವ ನಮ್ಮ ಮನೆಯವರು ಒಮ್ಮೆ ಸಿಂಧನೂರಿಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದರು.

“ಏನ್ ನೆಲಾ ಲೇ ಅದು! ಬಗ್ಗಿದ್ರ ನಮ್ಮ ಮಾರಿ ಕಾಣಸ್ತೈತಿ.”

“ಮಾರಿ ನೋಡಾಕ ಕನ್ನಡಿ ಐತಲ್ಲರೀ,” ಅಂದೆ.

ಅದು ಅವರ ಕಿವಿಗೆ ಬೀಳಲಿಲ್ಲ. ಲಿಂಗಸುಗೂರಿನಿಂದ ಒಬ್ಬ ಮಿಸ್ತ್ರಿ ಬಂದ. ಸಣಕಲು ಮನುಷ್ಯ, ಬಾಯಿ ಮಾತ್ರ ದಪ್ಪ.

ಅವನ ಸಾಮಾನು ನೋಡಿ ನಾನು ಮೊದಲ ದಿನ ಮರುಳಾದೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೀರು ತುಂಬಿದ ಪಾರದರ್ಶಕ ಪೈಪನ್ನು ಈ ಗೋಡೆಗೊಂದು ತುದಿ, ಆ ಗೋಡೆಗೊಂದು ತುದಿ ಹಿಡಿದು ನೀರು ನಿಂತಲ್ಲಿ ಗುರುತು ಹಾಕುತ್ತಿದ್ದ. ನೀರು ಸುಳ್ಳು ಹೇಳುವುದಿಲ್ಲವಲ್ಲ, ಅದು ನನಗೆ ಬಹಳ ಮೆಚ್ಚಿಗೆಯಾಯಿತು. ಗುರುತಿನಿಂದ ಗುರುತಿಗೆ ದಾರ ಕಟ್ಟಿ, ಉಸುಕು ಸಿಮೆಂಟಿನ ಮಾಲನ್ನು ಕರಣಿಯಿಂದ ಹರವಿ, ಟೈಲ್ಸ್ ಇಟ್ಟು ರಬ್ಬರಿನ ಸುತ್ತಿಗೆಯಿಂದ ತಟ್ಟುತ್ತಿದ್ದ. ಕೂಸಿನ ಬೆನ್ನು ತಟ್ಟಿದ ಹಾಗೆ ಸಪ್ಪಳ. ಸಂದು ಒಂದೇ ಸಮ ಇರಲೆಂದು ಟೈಲ್ಸಿನ ಮೂಲೆಗಳ ನಡುವೆ ಸಣ್ಣ ಸಣ್ಣ ಪ್ಲಾಸ್ಟಿಕ್ಕಿನ ಚೂರು ಸಿಗಿಸಿದ್ದ. ಯಾರದೋ ಮಕ್ಕಳ ಆಟದ ಸಾಮಾನು ಅಂದುಕೊಂಡು ಸಂಜೆ ನಾನು ಅವನ್ನೆಲ್ಲ ಕಿತ್ತು, ಗುಡಿಸಿ, ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿದೆ. ಮರುದಿನ ಮಿಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತ. “ಅಮ್ಮಾರ, ನಿಮ್ಮ ಕೈ ಭಾಳ ಚೊಕ್ಕ ಐತ್ರಿ. ಸ್ವಲ್ಪ ಕಟ್ಟಿ ಹಾಕ್ರಿ ಅದನ್ನ,” ಅಂದ. ನಾನೂ ನಕ್ಕೆ. ಆಗಿನ್ನೂ ನಗು ಇತ್ತು.

ಹಳೆಯ ಕಲ್ಲು ಒಡೆದು ತೆಗೆದರೆ ಹೊಸ ನೆಲ ಹಳೆಯದರ ಮಟ್ಟಕ್ಕೇ ಬರುತ್ತದೆ. ಆದರೆ ಅದು ದೂಳಿನ ಕೆಲಸ, ಮೈ ಮುರಿಯುವ ಕೆಲಸ. ಒಡೆಯದೆ ಅದರ ಮೇಲೆಯೇ ಹಾಕಿದರೆ ಸಲೀಸು. ಆದರೆ ಕಲ್ಲು ನುಣುಪು, ಮಾಲು ಹಿಡಿಯುವುದಿಲ್ಲ. ಉಳಿ ಹಿಡಿದು ಕಲ್ಲಿನ ತುಂಬ ಕಚ್ಚು ಹೊಡೆಯಬೇಕು. ಇದೆಲ್ಲ ಕೆಲಸ ಶುರುವಾಗುವ ಮುಂಚೆ ಅವನೇ ನಮ್ಮವರಿಗೆ ಹೇಳುವಾಗ ಚಹಾ ಹಿಡಿದು ನಿಂತು ಕೇಳಿಸಿಕೊಂಡದ್ದು.

“ಮ್ಯಾಲೇ ಹಾಕೋಣ್ರಿ ಸಾವ್ಕಾರ್ರ. ಕಚ್ಚು ಹೊಡದು ಹಾಕ್ತೀನಿ, ಮೊಮ್ಮಕ್ಕಳ ಕಾಲಕ್ಕೂ ಏಳಂಗಿಲ್ಲ.”

“ಹೊಸ್ತಿಲು ಏನಾಗ್ತೈತಪಾ?” ಅಂತ ಕೇಳಿದೆ.

“ಲೆವಲ್ ಆಗ್ತೈತ್ರಿ ಅಮ್ಮಾರ. ಈಗ ಎಲ್ಲಾರ ಮನ್ಯಾಗೂ ಹಂಗೇ. ಚೆಂದ ಕಾಣಸ್ತೈತಿ.”

“ಅಲ್ಲಪಾ, ಹೊಸ್ತಿಲು ಅಂದ್ರ...”

“ಲೇ, ಅವ ಇದ್ರಾಗೇ ಕೂದಲು ಹಣ್ಣು ಮಾಡ್ಯಾನ. ನೀ ಚಹಾಕ್ಕ ಸಕ್ಕರಿ ಹಾಕೀಯಿಲ್ಲ ನೋಡು ಮೊದ್ಲು,” ಅಂದರು ನಮ್ಮವರು. ಇಬ್ಬರೂ ನಕ್ಕರು. ಸಕ್ಕರೆ ಹಾಕಿದ್ದೆ.

ನಮ್ಮ ಅತ್ತೆ ಆ ದಿನಗಳಲ್ಲಿ ಪಾಮನಕಲ್ಲೂರಿನ ಮಗಳ ಮನೆಗೆ ಹೋಗಿದ್ದರು. ಅವರಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಬಂತು ಹೋಯಿತು ಅನ್ನುವುದಷ್ಟೇ ತಿಳಿಯುತ್ತಿತ್ತು. ಆದರೂ ಬೆಳಿಗ್ಗೆ ಸ್ನಾನ ಮಾಡಿ ಒಬ್ಬರೇ ಜಗಲಿ ಕೋಣೆಗೆ ಹೋಗಿ ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಕೈ ಹಿಡಿಯಲು ಹೋದರೆ ಝಾಡಿಸಿ ಬಿಡುವರು. “ನನ್ನ ಕಾಲಿಗೆ ಕಣ್ಣದಾವ ಬೇ, ನೀ ಸರಿ ಅತ್ಲಾಗ.” ಕೋಣೆಯ ಬಾಗಿಲಿಗೆ ಬಂದಾಗ ಕಾಲಿನ ಹೆಬ್ಬೆರಳಿನಿಂದ ಹೊಸ್ತಿಲನ್ನು ಮುಟ್ಟುವರು, ಬಗ್ಗಿ ಅದಕ್ಕೆ ನಮಸ್ಕಾರ ಮಾಡುವರು, ಆಮೇಲೆ ಕಾಲೆತ್ತಿ ದಾಟುವರು. ಹೊಸ್ತಿಲನ್ನು ತುಳಿಯಬಾರದು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ದಿನಾ ನಾನು ತೊಳೆದು ವಿಭೂತಿ ಹಚ್ಚಿ ಹೂವಿಡುವ ಕಟ್ಟಿಗೆಯ ಹೊಸ್ತಿಲದು.

ಊರಿನಿಂದ ಬಂದ ಮರುದಿನ ಅವರು ಹಾಗೆಯೇ ಹೊರಟರು. ನಾನು ಒಲೆಯ ಮುಂದಿದ್ದೆ. “ಶಿವನೇ” ಎಂದು ಕೇಳಿಸಿತು. ಓಡಿ ಬಂದರೆ ಅತ್ತೆ ಚೌಕಟ್ಟು ಹಿಡಿದು ನಿಂತಿದ್ದಾರೆ, ಎರಡು ಪಾದವೂ ಹೊಸ್ತಿಲಿನ ಮೇಲೆ. ಹೆಬ್ಬೆರಳು ಹುಡುಕಿದ್ದು ಸಿಕ್ಕಿರಲಿಲ್ಲ. ನೆಲವೇ ಏರಿ ಹೊಸ್ತಿಲಿನ ಸಮ ನಿಂತಿತ್ತು. ಬೀಳಲಿಲ್ಲವಲ್ಲ, ಅದೊಂದು ಪುಣ್ಯ ಎಂದು ನಾನು ಅಂದೆ. ಅವರು ಅನ್ನಲಿಲ್ಲ.

“ಕಟ್ಟಿಗಿ ತಾಗಿದ ಮ್ಯಾಲೆ ತಿಳೀತು ಬೇ. ದೇವರ ಎದೀ ಮ್ಯಾಲ ನಿಂತಂಗಾತು ನನಗ.”

ಅಂದಿನಿಂದ ಅವರು ಜಗಲಿ ಕೋಣೆಗೆ ಹೋಗುವುದನ್ನೇ ಬಿಟ್ಟರು. ಕೈ ಹಿಡಿದು ಕರೆದೊಯ್ಯುತ್ತೇನೆ ಅಂದರೂ ಒಪ್ಪಲಿಲ್ಲ. ಪಡಸಾಲೆಯ ಮಂಚದ ಮೇಲೆ, ಟಿವಿಯ ಮುಂದೆ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುವರು. ಆಮೇಲೆ ಹಿತ್ತಲಿಗೂ ಕೇಳಿಯೇ ಹೋಗತೊಡಗಿದರು. ಝಾಡಿಸುತ್ತಿದ್ದ ಕೈ ಈಗ ನನ್ನ ಕೈಯನ್ನು ತಾನೇ ಹುಡುಕುತ್ತಿತ್ತು. ಅದನ್ನು ನೋಡಿದಾಗ ನನಗೆ ಬಂದದ್ದು ಸಿಟ್ಟು.

“ರೂಢಿ ಆಗ್ತೈತಿ ತಗೋ,” ಅಂದರು ನಮ್ಮವರು.

“ಯಾರಿಗ್ರಿ ರೂಢಿ? ಈ ಮನ್ಯಾಗ ಬಂದಾಗಿಂದ ಅವ್ರು ನಡದ ದಾರಿ ಅದು. ನಿಮಗ ಮಾರಿ ಕಾಣಬೇಕಂತ ಅವ್ರ ಹೆಜ್ಜಿ ಕಸಗೊಂಡ್ರಿ!”

ನಮ್ಮ ಮದುವೆಯಾದ ಮೇಲೆ ಅವರ ಮೇಲೆ ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ. ನೀವೇ ಹೇಳಿ, ನೆಲ ಯಾರದು? ಗುಡಿಸುವವಳು, ಸಾರಿಸುವವಳು, ಕೊಡ ಹೊತ್ತು ತಿರುಗುವವಳು, ಅಂಗಾಲಿನಿಂದ ದಾರಿ ಕಾಣುವವಳು, ಇವರನ್ನು ಬಿಟ್ಟು ಬಣ್ಣಕ್ಕೊಬ್ಬ, ಮಟ್ಟಕ್ಕೊಬ್ಬ ನಿಂತು ತೀರ್ಮಾನ ಮಾಡುವುದು ಯಾವ ನ್ಯಾಯ?

ಮಿಸ್ತ್ರಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಸಂದಿಗೆ ಬಿಳಿ ಸಿಮೆಂಟು ತುಂಬಲು ಬಂದ. ನಾನು ಜಗಲಿ ಕೋಣೆಯ ಬಾಗಿಲಲ್ಲಿ ಕೂತುಬಿಟ್ಟೆ.

“ಹೊಸ್ತಿಲಿನ ಈಚಿಗೊಂದು ಸಾಲು, ಆಚಿಗೊಂದು ಸಾಲು ಕಿತ್ತು ತೆಗಿಯಪಾ.”

“ಹುಚ್ಚರಂಗ ಮಾತಾಡಬ್ಯಾಡ್ರಿ ಅಮ್ಮಾರ. ಕಲ್ಲಿಗೆ ಕಚ್ಚಿ ಕುಂತಾವ ಅವು. ಒಂದು ಎಬ್ಬಿಸಾಕ ಹೋದ್ರ ಇಡೀ ಮನಿ ಬಿರುಕು ಬಿಡ್ತೈತಿ.”

“ಬಿಡ್ಲಿ.”

ನಮ್ಮವರು ಬಂದರು. ಬೈದರು, ಆಮೇಲೆ ಬೇಡಿಕೊಂಡರು. ನಾನು ಏಳಲಿಲ್ಲ. ಒಲೆಯ ಮೇಲೆ ಬೇಳೆ ಸೀದು ವಾಸನೆ ಬಂದರೂ ಏಳಲಿಲ್ಲ. ಕೊನೆಗೆ ಮಿಸ್ತ್ರಿ, “ನೀವೇ ಸಾಕ್ಷಿ ಸಾವ್ಕಾರ್ರ, ಒಡದ್ರ ನನ್ನ ಕೇಳಬ್ಯಾಡ್ರಿ,” ಅಂದು, ಸುತ್ತಲಿನ ಸಂದಿಗೆ ಏರಿದ್ದ ಮಾಲನ್ನು ಕಟರಿನಿಂದ ಕೊಯ್ದು, ಟೈಲ್ಸಿನ ಅಂಚಿಗೆ ಉಳಿ ತೂರಿಸಿ ಒಮ್ಮೆ ಮೀಟಿದ.

ಹಂಚಿನ ಮೇಲಿನ ಜೋಳದ ರೊಟ್ಟಿ ಎದ್ದ ಹಾಗೆ ಎದ್ದು ಬಂತು, ಮಾಲಿನ ಸಮೇತ. ಮುಕ್ಕಾಗಲಿಲ್ಲ, ಚೂರೂ ಆಗಲಿಲ್ಲ. ಅದರ ಬಗಲಿನದೂ ಹಾಗೆಯೇ. ಕೆಳಗೆ ನಮ್ಮ ಪರಸಿ ನಾನು ಕಡೆಯ ಸಲ ಒರೆಸಿದಾಗ ಎಷ್ಟು ನುಣುಪಿತ್ತೋ ಅಷ್ಟೇ ನುಣುಪಾಗಿ ಕೂತಿತ್ತು. ಒಂದೇ ಒಂದು ಉಳಿಯ ಗುರುತಿಲ್ಲ.

“ಯಾಕೋ, ಕಚ್ಚು ಎಲ್ಲಿ?” ಅಂದರು ನಮ್ಮವರು. ಆ ದನಿಯನ್ನು ಅವರು ಅಲ್ಲಿಯವರೆಗೆ ನನಗಷ್ಟೇ ಕಾಯ್ದಿರಿಸಿದ್ದರು.

“ಗಡಿಬಿಡಿ ಆತ್ರಿ... ಸಿಂಧನೂರಾಗ ಇನ್ನೊಂದು ಕೆಲಸ ಹಿಡದಿದ್ದೆ...”

ಮುಂದಿನ ಮಾತು ಇಲ್ಲಿ ಬರೆಯುವಂಥದ್ದಲ್ಲ. ನಾನು ಮಾತ್ರ ಆ ಕಲ್ಲಿನ ಮೇಲೆ ಅಂಗೈ ಇಟ್ಟು ಕೂತಿದ್ದೆ. ಅವನ ಮೈಗಳ್ಳತನ ಕಲ್ಲನ್ನೂ ಉಳಿಸಿತ್ತು, ಹೊಸ್ತಿಲನ್ನೂ ಉಳಿಸಿತ್ತು. ಅವನು ಹೇಳಿದಂತೆ ಕೆಲಸ ಮಾಡಿದ್ದರೆ ನನ್ನ ಹಟ ಅಲ್ಲಿಗೇ ಮುಗಿಯುತ್ತಿತ್ತು. ಶಿವ ಯಾರ ಕೈಯಿಂದ ಏನು ಮಾಡಿಸುತ್ತಾನೋ. ಹಾಗಂತ ಮಿಸ್ತ್ರಿಗೆ ನಾನು ಕೈಮುಗಿಯಲಿಲ್ಲ, ಮುಗಿದದ್ದು ಶಿವನಿಗೆ. ಮನೆಯ ಉಳಿದ ಟೈಲ್ಸ್ ಕೂಡ ಹಾಗೇ ಕೂತಿವೆ, ಎಲ್ಲಿ ಪೊಳ್ಳು ಸಪ್ಪಳ ಬರುತ್ತದೆಂದು ನನಗೆ ಗೊತ್ತು, ರುಬ್ಬುವ ಕಲ್ಲನ್ನು ಅಲ್ಲಿ ಇಳಿಸುವುದಿಲ್ಲ.

ಹೊಸ್ತಿಲಿನ ಎರಡೂ ಬದಿಗೆ ಒಂದೊಂದು ತಗ್ಗು ಉಳಿಯಿತು. ಅಂಚಿಗೆ ಕಾಲು ತಾಗದಂತೆ ಮಿಸ್ತ್ರಿಯ ಕೈಯಲ್ಲಿ ಇಳಿಜಾರು ಮಾಡಿಸಿದೆ. ತಲೆ ತಗ್ಗಿಸಿಕೊಂಡು ನೀಟಾಗಿ ಮಾಡಿದ. ಅತ್ತೆಯನ್ನು ಕರೆದು ಬಾಗಿಲ ಹತ್ತಿರ ಬಿಟ್ಟೆ. ಪಾದ ಇಳಿಜಾರಿನಲ್ಲಿ ಇಳಿಯಿತು. ಕಲ್ಲು ಸಿಕ್ಕಿತು. ಹೆಬ್ಬೆರಳು ಮುಂದೆ ಸರಿದು ಕಟ್ಟಿಗೆಗೆ ತಾಗಿ ನಿಂತಿತು.

“ಇಲ್ಲೇ ಐತಲ್ಲ ಬೇ,” ಅಂದರು. ನನ್ನ ಕೈ ಝಾಡಿಸಿ ಬಿಟ್ಟರು.

ಬಂದವರೆಲ್ಲ ಇದೇನು ಬಾಗಿಲ ಮುಂದೆ ಕಾಲುವೆ ಎಂದು ನಕ್ಕರು. ನಗಲಿ. ಅತ್ತೆ ಲಿಂಗೈಕ್ಯರಾಗುವ ತನಕ ಆ ಹೊಸ್ತಿಲನ್ನು ತಾವೇ ದಾಟಿದರು. ನಾನು ದೇವರಿಂದ ಎಣಿಸಿಕೊಂಡ ಉಪಕಾರಗಳಲ್ಲಿ ಅದಕ್ಕೆ ಮೇಲಿನ ಜಾಗ.

ಹೀಗೆಲ್ಲ ನೆನೆಯುತ್ತ ಎದುರು ಮನೆಗೆ ಹೋದೆ, ಜಗಳಕ್ಕೆಂದೇ ಹೋದೆ. ಪಡಸಾಲೆಯಲ್ಲಿ ಆ ಮನೆಯ ಮಗ ಮತ್ತು ಯಾರೋ ಹೊಸ ಮಿಸ್ತ್ರಿ. ಬಚ್ಚಲಿನ ದಾರಿಗೆ ಟೈಲ್ಸನ್ನು ಮಾಲಿಲ್ಲದೆ ಬರಿದೇ ಜೋಡಿಸಿ, ಅಳತೆ ನೋಡುತ್ತಿದ್ದರು. ಬೆಣ್ಣೆ ಸವರಿದಂಥ ಹೊಳಪು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಮುದಗಲ್ಲಿನಿಂದ ಬಂದ ಸೊಸೆ, ಬಸುರಿ. ಬಾಯಿಗೆ ಬಂದಿದ್ದ ದೂಳಿನ ಮಾತು ನುಂಗಿದೆ.

“ಅಕಿನ್ನ ಕೇಳೀಯೇನಪಾ?” ಎಂದು ಅವಳ ಗಂಡನಿಗೆ ಅಂದೆ.

“ಅಕಿಗೇನು ತಿಳೀತೈತ್ರಿ ಅಮ್ಮಾರ ಇದ್ರಾಗ? ಸರೀರಿ ಸ್ವಲ್ಪ, ಕಲಸಿದ ಮಾಲು ಒಣಗಾಕತ್ತೈತಿ,” ಅಂದ ಅವನು.

“ಒಣಗ್ಲಿ,” ಎಂದು ಆ ಸಾಲಿಗೆ ಅಡ್ಡ ನಿಂತು ಹುಡುಗಿಯನ್ನು ಕೂಗಿದೆ. ನನ್ನ ಹೊಸ್ತಿಲಿನ ಕಥೆಯನ್ನು ಅವಳಿಗೆ ಹೇಳಬೇಕೆಂದು ನಾಲಿಗೆ ತುರಿಸಿತು. ಹೇಳಲಿಲ್ಲ. “ನೀ ಒಮ್ಮೆ ನಡದು ನೋಡವ್ವಾ,” ಎಂದಷ್ಟೇ ಅಂದೆ.

ಅವಳು ಹಿಟ್ಟಿನ ಕೈಯಲ್ಲೇ ಬಂದು ಗಂಡನ ಮುಖ ನೋಡಿದಳು. ಬರಿಗಾಲಲ್ಲಿ ಮೆಲ್ಲಗೆ ನಡೆದು ಬಚ್ಚಲಿನ ತಿರುವಿನಲ್ಲಿ ನಿಂತಳು.

“ಇಲ್ಲಿ ನಾ ದಿನಾ ತುಂಬಿದ ಕೊಡ ಹಿಡದು ತಿರುಗ್ತೀನ್ರಿ. ಹಸಿ ಕಾಲಾಗ ಇದು ಜಾರತೈತಿ. ಮತ್ತ...”

ಮಿಸ್ತ್ರಿ ಆ ಟೈಲ್ಸ್ ಎತ್ತಲು ಬಗ್ಗಿದ.

“ತಡಿಯಪಾ,” ಅಂದೆ ನಾನು. “ಅಕಿ ಮಾತು ಇನ್ನೂ ಮುಗಿದಿಲ್ಲ.”