ನಾಲ್ಕು ಎಳೆಯ ಜಡೆ

ಗಾಳಿ, ಸೋಂಕು, ದೆವ್ವ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ನಾನು ನಕ್ಕುಬಿಡುತ್ತಿದ್ದೆ. ನಗುವುದಷ್ಟೇ ಅಲ್ಲ, ‘ಸುಮ್ನಿರಿ, ರಾತ್ರಿ ಉಂಡದ್ದು ಅರಗಿರಲಿಕ್ಕಿಲ್ಲ’ ಅಂತ ಅವರ ಮುಖಕ್ಕೇ ಅಂದುಬಿಡುವಷ್ಟು ಜಂಬ ಬೇರೆ. ಎಸ್ಸೆಸ್ಸೆಲ್ಸಿ ಪಾಸಾದವಳು, ಮೇಷ್ಟ್ರ ಮಗಳು, ಕೇಳಬೇಕೆ! ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಅಂತ ಯಾರ ಕಾಲೂ ಹಿಡಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು ಕೈ ತೊಳೆದುಕೊಳ್ಳುತ್ತೇನೆ.

ನನ್ನನ್ನು ಎರಡನೇ ಸಂಬಂಧಕ್ಕೆ ಕೊಟ್ಟರು. ನಂಜನಗೂಡಿನಿಂದ ಕೊಳ್ಳೇಗಾಲಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ಊರು ಮದರಾಸಿನವರ ಕೈಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷ ಆಗಿತ್ತಷ್ಟೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಇನ್ನೂ ತಮಿಳು ಕಡತ ಓದಿ ಓದಿ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬರುತ್ತಿದ್ದರು. ಅವರ ಮೊದಲ ಹೆಂಡತಿ ಮಾದೇವಮ್ಮ, ಅಜ್ಜೀಪುರದವಳು. ಎರಡನೇ ಹೆರಿಗೆಯಲ್ಲಿ ಕೂಸೂ ಹೋಯಿತು, ತಾನೂ ಹೋದಳು. ಮೊದಲನೆಯ ಮಗಳು ನೀಲ ಉಳಿದಳು. ನಾನು ಬಂದಾಗ ಅವಳಿಗೆ ಐದು ವರ್ಷ.

ಈ ನೀಲ ಒಂದು ವರ್ಷ ನನ್ನನ್ನು ಏನೂ ಅಂತ ಕರೆಯಲಿಲ್ಲ. ಅವ್ವ ಅನ್ನಲಿಲ್ಲ, ಚಿಕ್ಕವ್ವ ಅನ್ನಲಿಲ್ಲ, ಬೈಯಲೂ ಇಲ್ಲ. ಏನಾದರೂ ಬೇಕಾದರೆ ಅಜ್ಜಿಗೆ, ಅಂದರೆ ನಮ್ಮ ಅತ್ತೆಗೆ, ಹೇಳುವಳು. ಅಜ್ಜಿ ಇಲ್ಲದಿದ್ದರೆ ನಡುಮನೆಯ ಕಂಬದ ಕಡೆ ತಿರುಗಿ ‘ಒಟ್ಟೆ ಅಸೀತದೆ’ ಅನ್ನುವಳು. ನಾನು ಬಡಿಸಿದರೆ ಉಣ್ಣುವಳು. ತಲೆ ಮಾತ್ರ ಮುಟ್ಟಗೊಡಳು. ನಾನು ಬಾಚಣಿಗೆ ಹಿಡಿದರೆ ಓಡಿಹೋಗಿ ಹಿತ್ತಲಲ್ಲಿ ನಿಲ್ಲುವಳು. ಒಂದು ಮಗುವಿನ ಬಾಯಲ್ಲಿ ಒಂದು ಮಾತು ಕೇಳುವುದಕ್ಕೆ ನಾನು ಎಷ್ಟು ಒದ್ದಾಡಿದೆ ಅಂತ ನನಗೇ ಗೊತ್ತು. ಯಜಮಾನರು ಒಳ್ಳೆಯವರೇ, ಅತ್ತೆಯೂ ಒಳ್ಳೆಯವರೇ. ಆದರೆ ಆ ಹುಡುಗಿ ಕರೆಯುವ ತನಕ ನಾನು ಆ ಮನೆಗೆ ಬಂದ ನೆಂಟಳೇ ಹೊರತು ಮನೆಯವಳಲ್ಲ ಅನ್ನಿಸುತ್ತಿತ್ತು.

ನನಗೊಂದು ಹುಚ್ಚು ಇತ್ತು, ಅದನ್ನೂ ಹೇಳಬೇಕು. ಶಿವರಾತ್ರಿ ಕಳೆದು ಚಳಿ ಬಿಟ್ಟಿತೆಂದರೆ ನನಗೆ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ. ನಮ್ಮಜ್ಜಿ ಆ ದಿನಗಳಲ್ಲಿ ಟ್ರಂಕಿನ ರೇಷ್ಮೆ ಸೀರೆಗಳನ್ನೆಲ್ಲ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕಿ, ಒಂದೊಂದನ್ನೂ ಒಂದೊಂದು ದಿನ ಉಟ್ಟು, ಮಡಿಕೆ ಬದಲಾಯಿಸಿ ಮತ್ತೆ ಒಳಗಿಡುವಳು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ರೇಷ್ಮೆ ಆ ಗೆರೆಗೇ ಸೀಳುತ್ತದೆ. ಅಜ್ಜಿ ಹೋದ ಮೇಲೆ ಅವಳ ಸೀರೆ, ಅವಳ ಕಾಲದ ಪಫ್ ತೋಳಿನ ರವಿಕೆ ಎಲ್ಲ ನನಗೆ ಬಂದವು. ಅವನ್ನು ಉಟ್ಟು ತೊಟ್ಟು ಭಾನುವಾರ ಕೊಳ್ಳೇಗಾಲದ ನೇಕಾರರ ಬೀದಿಗಳಲ್ಲಿ ಹಳೇ ಮನೆ ನೋಡುತ್ತಾ ಸುತ್ತುವೆ. ಕೆತ್ತಿದ ಬಾಗಿಲು, ಜಗಲಿಯ ಮರದ ಕಂಬ, ಒಳಗಿನಿಂದ ಮಗ್ಗದ ಸದ್ದು. ಜಗಲಿ ಮೇಲಿನ ಹೆಂಗಸರು ‘ಓಹೋ, ನಾಟಕದ ಕಂಪ್ನಿ ಬಂತು ಕಣ್ರೇ’ ಅಂತ ನಗುವರು. ನಾನೂ ನಗುವೆ. ಬೀದಿ ಮುಗಿದ ಮೇಲೆ ಹೊಲದ ದಾರಿ ಹಿಡಿದು ಹೊಂಗೆಯ ಚಿಗುರು, ಮುತ್ತುಗದ ಹೂವು ನೋಡಿಕೊಂಡು ಬರುವೆ. ಅತ್ತೆ ಇದಕ್ಕೆ ಬೇಡ ಅಂದವರಲ್ಲ.

ಆದರೆ ಒಂದು ಸೀರೆಯ ವಿಷಯದಲ್ಲಿ ಅವರು ಕಟ್ಟುನಿಟ್ಟು. ಅದು ಮಾದೇವಮ್ಮನ ಧಾರೆ ಸೀರೆ. ನೇರಳೆ ಮೈ, ಅರಿಶಿನದ ಅಂಚು, ನಮ್ಮೂರ ಮಗ್ಗದಲ್ಲೇ ನೇಯ್ದದ್ದು. ಮುತ್ತೈದೆಯಾಗಿ ಸತ್ತವಳ ಜಾಗಕ್ಕೆ ಬಂದವಳು ಅವಳನ್ನು ಮರೆಯಕೂಡದು ಅನ್ನುವುದು ನಮ್ಮ ಕಡೆಯ ಪದ್ಧತಿ. ನನ್ನ ತಾಳಿಯ ಪಕ್ಕದಲ್ಲಿ ಅವಳ ಹೆಸರಿನದೊಂದು ಸಣ್ಣ ಚಿನ್ನದ ಬೊಟ್ಟು ಇತ್ತು, ಈಗಲೂ ಇದೆ. ವರ್ಷಕ್ಕೊಮ್ಮೆ ಕಳಶದ ಮುಂದೆ ಆ ಸೀರೆ, ಬಳೆ, ಕುಂಕುಮ, ಹೂವು ಇಟ್ಟು, ಅವಳಿಗೆ ಎಡೆ ಹಾಕಿ, ‘ಉಟ್ಕೊಳ್ಳಲಾ ಅಕ್ಕ?’ ಅಂತ ಕೇಳಿ ಆಮೇಲೆ ನಾನು ಅದನ್ನು ಉಡಬೇಕು. ಉಟ್ಟು ಹೊಸ್ತಿಲು ದಾಟಬಾರದು. ನಾನು ಬಾಯಲ್ಲಿ ಹೂಂ ಅಂದು ಮನಸ್ಸಿನಲ್ಲಿ ನಗುತ್ತಿದ್ದೆ.

ನಾನು ಬಂದ ಮೇಲೆ ಮೊದಲ ಎಡೆಯ ದಿನ ಇನ್ನೂ ಬಂದಿರಲಿಲ್ಲ. ಅತ್ತೆ ತಮ್ಮ ತವರು ಧನಗೆರೆಯವರ ಜೊತೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರು. ಯಜಮಾನರಿಗೆ ಹನೂರಿನಲ್ಲಿ ಕ್ಯಾಂಪು. ಮನೆಯಲ್ಲಿ ನಾನು, ನೀಲ ಇಬ್ಬರೇ. ಅಜ್ಜಿ ಇಲ್ಲದೆ ಮೂರು ದಿನ ಬಾಚಣಿಗೆ ಕಾಣದ ಹುಡುಗಿಯ ತಲೆ ಕೆದರಿ ಗಂಟು ಗಂಟಾಗಿತ್ತು. ಭಾನುವಾರ ಬೆಳಿಗ್ಗೆ ಟ್ರಂಕು ತೆಗೆದೆ. ಮಡಿಕೆ ಬದಲಾಯಿಸಬೇಕಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳ ಅವ್ವನ ಸೀರೆಯಲ್ಲಿ ಕಂಡರಾದರೂ ಹುಡುಗಿ ನನ್ನ ಹತ್ತಿರ ಬಂದಾಳೇನೋ ಅನ್ನುವ ಆಸೆ. ಅಷ್ಟು ಕೀಳಾಸೆ ಇತ್ತು ನನಗೆ, ಮುಚ್ಚಿಡುವುದೇನು!

ಉಟ್ಟುಕೊಂಡು ಹೊರಗೆ ಬಂದೆ. ನೀಲ ನೋಡಿದಳು. ಬಹಳ ಹೊತ್ತು ನೋಡಿದಳು. ಬಂದು ನನ್ನ ಕೈ ಹಿಡಿದುಕೊಂಡಳು. ಒಂದು ವರ್ಷದಲ್ಲಿ ಮೊದಲ ಸಲ. ನನಗೆ ಎಷ್ಟು ಸಂತೋಷವಾಯಿತು ಅಂದರೆ ಆ ಕೈ ಎಲ್ಲಿ ಬಿಟ್ಟುಹೋದೀತೋ ಅಂತ ಅಂದೇ ಅವಳನ್ನು ಕರೆದುಕೊಂಡು ಬಸ್ಸು ಹತ್ತಿ ಯಳಂದೂರಿಗೆ ಹೊರಟೆ.

ಯಳಂದೂರಿನಲ್ಲಿ ಬಳೆ ಮಂಟಪ ತೋರಿಸಿದೆ. ಕಲ್ಲಿನ ಬಳೆಗಳನ್ನು ಅವಳು ಕತ್ತೆತ್ತಿ ಎಣಿಸಿದಳು. ಜಹಗೀರಿನ ಕಾಲದ ಬಂಗಲೆಯನ್ನು ದೂರದಿಂದ ನೋಡಿದೆವು. ವಾಪಸು ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಮುಂದಿನ ಊರಿನ ತನಕ ನಡೆದು ಅಲ್ಲಿ ಹತ್ತೋಣ ಅಂತ ನಾನೇ ಅಂದೆ. ಆಗಲೇ ಬಿಸಿಲು ಏರಿತ್ತು. ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಒಂದು ಮೈಲಿ ನಡೆಯುವಷ್ಟರಲ್ಲಿ ಹುಡುಗಿ ಬಳಲಿದಳು. ಹೊಲದ ಅಂಚಿನ ಹೊಂಗೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆ. ನೀಲ ಒಂದಕ್ಕೆ ಹೋಗಬೇಕು ಅಂತ ಸನ್ನೆ ಮಾಡಿ ಬದುವಿನ ಆಚೆ ಹೋದಳು. ಅಲ್ಲೊಂದು ಸಾಲು ಹರಳು ಗಿಡ, ಅದರಾಚೆ ರಾಗಿ ಕೊಯ್ದ ಬರೀ ಹೊಲ.

ಎಲೆ ಒರೆಸಿ ಮೊಸರನ್ನ ಬಡಿಸುವಷ್ಟು ಹೊತ್ತು ಆಗಿರಬಹುದು. ಹೆಚ್ಚಿಲ್ಲ. ಹುಡುಗಿ ವಾಪಸು ಬಂದಳು. ಬಂದವಳ ತಲೆ ನೋಡಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ತಲೆ ಬಾಚಿತ್ತು. ಬೈತಲೆ ನೇರವಾಗಿ ತೆಗೆದಿತ್ತು. ಗಂಟೆಲ್ಲ ಬಿಡಿಸಿ, ಹಿಂದೆ ಬಿಗಿಯಾಗಿ ಒಂದೇ ಜಡೆ. ಮೂರು ಎಳೆಯದಲ್ಲ, ನಾಲ್ಕು ಎಳೆಯದು. ನನಗೆ ಹಾಕಲು ಬಾರದು, ನಮ್ಮತ್ತೆಗೂ ಬಾರದು. ಕೂದಲು ಎಣ್ಣೆಯಿಂದ ನೆನೆದಿತ್ತು, ಹರಳೆಣ್ಣೆಯ ವಾಸನೆ. ನಾವು ಮನೆಯಲ್ಲಿ ಹಚ್ಚುವುದು ಕೊಬ್ಬರಿ ಎಣ್ಣೆ.

‘ಯಾರೇ ಹಾಕಿದ್ದು?’ ಅಂದೆ. ದನಿ ನನ್ನದಲ್ಲದ ಹಾಗೆ ಬಂತು.

ಹುಡುಗಿ ನಕ್ಕಳು. ‘ನೀನೇ ತಾನೆ ಆಕ್ದೆ, ಅವ್ವ? ಅಲ್ಲಿದ್ದೋಳು ಇಷ್ಟ್ ಬೇಗ ಇಲ್ಗೆ ಎಂಗ್ ಬಂದ್ಬುಟ್ಟೆ?’

ಅವ್ವ ಅಂದಳು. ವರ್ಷವೆಲ್ಲ ಕಾದ ಮಾತು ನನ್ನ ಕಿವಿಗೆ ಬಿದ್ದದ್ದು ಹೀಗೆ. ಎದ್ದು ಬದು ಹತ್ತಿ ನೋಡಿದೆ. ಹರಳು ಗಿಡದ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ. ಬೆಟ್ಟದ ಬುಡದ ತನಕ ಹೊಲ ಬಯಲಾಗಿ ಬಿದ್ದಿತ್ತು. ಒಂದು ಕುರಿ ಕೂಡ ಕಾಣಲಿಲ್ಲ. ಬಿಸಿಲಿಗೆ ನನಗೇ ತಲೆ ತಿರುಗಿ, ನಾನೇ ಹಾಕಿ ಮರೆತೆನೋ ಅಂತ ಅಂಗೈ ಮೂಸಿ ನೋಡಿಕೊಂಡೆ. ಮೊಸರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಬುತ್ತಿಯನ್ನು ಅಲ್ಲೇ ಬಿಟ್ಟು, ಹುಡುಗಿಯನ್ನು ಎತ್ತಿಕೊಂಡು ರಸ್ತೆಗೆ ಓಡಿದೆ.

ಮನೆಗೆ ಬಂದ ಸಂಜೆಗೇ ನೀಲಳ ಮೈ ಕಾದ ಹೆಂಚಾಯಿತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಇಳಿಯಲಿಲ್ಲ. ಎರಡು ದಿನ ಬಿಟ್ಟು ಅತ್ತೆ ಬೆಟ್ಟದಿಂದ ಬಂದರು. ಪ್ರಸಾದದ ಗಂಟನ್ನು ಕೆಳಗಿಟ್ಟು ಮೊಮ್ಮಗಳ ಹತ್ತಿರ ಕೂತವರು ಜಡೆ ನೋಡಿ ಅದನ್ನು ಕೈಗೆತ್ತಿಕೊಂಡರು.

‘ಇದು ಮಾದೇವಿ ಆಕ್ತಿದ್ದ ಜಡೆ. ಸೀರೆ ಏನಾರ ತಗ್ದಿದ್ಯೇನವ್ವ?’

ಇಲ್ಲ ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿ ಒಳಗೆ ಹೋದರು. ಜ್ವರ ಏರುತ್ತಲೇ ಹೋಯಿತು. ಹುಡುಗಿ ನನ್ನ ಬೆರಳು ಹಿಡಿದುಕೊಂಡು ‘ಅವ್ವ, ಅವ್ವ’ ಅಂತ ಕನವರಿಸುವಳು. ಯಜಮಾನರು ಹನೂರಿನಿಂದ ಓಡಿಬಂದು ಬಾಗಿಲಲ್ಲಿ ನಿಂತು ಅಳುವರು. ಐದನೇ ದಿನ ಡಾಕ್ಟರು ಮೈಸೂರಿಗೆ ಕರೆದುಕೊಂಡು ಹೋಗಿ ಅಂದಾಗ ನನ್ನಿಂದ ತಡೆಯಲಾಗಲಿಲ್ಲ. ಅತ್ತೆಯ ಕಾಲ ಮೇಲೆ ಬಿದ್ದು ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ.

ಅವರು ಹೊಡೆಯಲಿಲ್ಲ. ‘ನೀನು ಅವ್ಳ್ನ ಕೇಳ್ದೆ ಸೀರೆ ಉಟ್ಕೊಂಡೆ. ಅವ್ಳು ನಿನ್ನ ಕೇಳ್ದೆ ಮಗೀಗೆ ಜಡೆ ಆಕವ್ಳೆ. ಇನ್ನೇನ್ ಮಾಡಾದು, ಏಳು, ಎಡೆ ಇಡಾವ’ ಅಂದರು.

ಅಂದೇ ಎಡೆ ಇಟ್ಟೆವು. ಈ ಸಲ ನಾನು ಮನಸ್ಸಿನಲ್ಲಿ ನಗಲಿಲ್ಲ. ಕಳಶದ ಮುಂದೆ ಹಣೆ ಹಚ್ಚಿ, ಕೋಪ ಮಾಡಬೇಡ ಅಕ್ಕ, ಮಗುವನ್ನು ಕರೆದುಕೊಂಡು ಹೋಗಬೇಡ ಅಂತ ಬೇಡಿಕೊಂಡೆ. ಮಾರನೇ ಬೆಳಿಗ್ಗೆ ಜ್ವರ ಬಿಟ್ಟಿತು. ಇಂಜೆಕ್ಷನ್ನಿನಿಂದ ಬಿಟ್ಟಿತು ಅಂತ ಡಾಕ್ಟರು ಹೇಳಿದರು. ಇರಬಹುದು, ನಾನು ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ.

ಜಡೆ ಬಿಚ್ಚಬೇಕಾಗಿತ್ತು. ನೀಲ ಅಜ್ಜಿಯನ್ನೂ ಹತ್ತಿರ ಸೇರಿಸಲಿಲ್ಲ, ಅವ್ವನೇ ಬಿಚ್ಚಬೇಕು ಅಂತ ಹಟ. ನನ್ನ ಮುಂದೆ ಬೆನ್ನು ಮಾಡಿ ಕೂತಳು. ಒಂದೊಂದೇ ಎಳೆ ಬಿಡಿಸುತ್ತಾ, ಯಾವುದರ ಮೇಲೆ ಯಾವುದು ಬಂದಿದೆ, ಯಾವುದು ಒಳಗೆ ಹೋಗಿದೆ ಅಂತ ನೋಡಿ ನೋಡಿ ಮನಸ್ಸಿಗೆ ಹಾಕಿಕೊಂಡೆ. ಮರುದಿನ ‘ಅವತ್ನಂಗೇ ಆಕವ್ವ’ ಅಂದರೆ ನಾನು ಏನು ಮಾಡುವುದು? ಅಂದಳು ಕೂಡ. ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಬಂತು. ಅಲ್ಲಿಂದ ಮದುವೆಯಾಗುವ ತನಕ ದಿನಾ ಅವಳಿಗೆ ಅದೇ ಜಡೆ ಹಾಕಿದೆ. ಅವತ್ತು ಹಾಕಿದ್ದೂ ನಾನೇ ಅಂತ ಅವಳು ನಂಬಿದ್ದಾಳೆ. ನಾನಲ್ಲ ಅಂತ ನಾನು ಹೇಳಲಿಲ್ಲ, ಅತ್ತೆಯೂ ಸಾಯುವ ತನಕ ಹೇಳಲಿಲ್ಲ. ಅವಳು ‘ಅವ್ವ’ ಅಂತ ಕರೆದಾಗ ನಾನು ಒಂದು ಗಳಿಗೆ ತಡೆದು ಓಗೊಡುತ್ತೇನೆ. ಬೇರೆ ಯಾರಾದರೂ ಓಗೊಟ್ಟಾರೇನೋ ಅನ್ನುವ ಭಯ ಹೋಗಿಲ್ಲ.

ಈಗ ನೀಲ ಹೆರಿಗೆಗೆ ಬಂದಿದ್ದಾಳೆ. ಇನ್ನು ಹದಿನೈದು ದಿನ ಅಂತ ನರ್ಸಮ್ಮ ಹೇಳಿದ್ದಾರೆ. ಇದು ಚೊಚ್ಚಲು. ಅವಳ ತಾಯಿ ಹೋದದ್ದು ಹೆರಿಗೆಯಲ್ಲಿ ಅನ್ನುವುದು ನಮ್ಮಿಬ್ಬರಿಗೂ ಗೊತ್ತು, ಇಬ್ಬರೂ ಆ ಮಾತು ಎತ್ತುವುದಿಲ್ಲ. ನಿನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಅವಳು ಇದ್ದಕ್ಕಿದ್ದ ಹಾಗೆ ಕೇಳಿದಳು.

‘ಅವ್ವ, ಯಳಂದೂರಿಗೆ ಹೋಗಿದ್ದ ದಿನ ನಂಗೆ ಜಡೆ ಹಾಕ್ತಾ ಹಾಕ್ತಾ ನೀನು ಅಳ್ತಿದ್ದೆ. ಯಾಕವ್ವ?’

ನನ್ನ ಕೈ ನಿಂತುಹೋಯಿತು. ‘ಕಣ್ಣಿಗೆ ಧೂಳು ಬಿದ್ದಿತ್ತು ಕಣವ್ವ’ ಅಂದೆ.

ಮಾದೇವಮ್ಮ ಕೋಪದಿಂದ ಬಂದಿದ್ದಳು ಅಂದುಕೊಂಡೇ ನಾನು ಇಷ್ಟು ವರ್ಷ ಎಡೆ ಇಟ್ಟೆ. ಅಳುತ್ತಾ ಬಂದವಳಿಗೆ ಏನು ಇಡಬೇಕೋ ನನಗೆ ತಿಳಿಯದು.