ಒಳಮುಚ್ಚಳದ ಕುಂಕುಮ

ಮೊನ್ನೆ ಆಯುಧಪೂಜೆಯ ದಿನ ಸೊಸೆ ಮಿಕ್ಸಿ, ಸ್ಕೂಟರು, ಇಸ್ತ್ರಿಪೆಟ್ಟಿಗೆಗಳಿಗೆಲ್ಲ ಕುಂಕುಮ ಇಟ್ಟು ಮುಗಿಸಿ ಕುಕ್ಕರಿನ ಹತ್ತಿರ ಬಂದಳು. "ಮುಚ್ಚಳದ ಒಳಗೆ ಮಾತ್ರ ಇಡಬೇಡವೇ!" ಎಂದು ನಡುಮನೆಯಿಂದಲೇ ಕೂಗಿದೆ. "ಒಳಗೆ ಯಾರಾದರೂ ಇಡ್ತಾರಾ ಅತ್ತೆ?" ಎಂದು ನಕ್ಕಳು. ಇಡುತ್ತಾರೆ ಕಣ್ರೀ, ನಾನು ಕಂಡಿದ್ದೇನೆ.

ನಾನಾಗ ಅರಕಲಗೂಡಿನಲ್ಲಿ ಕೆಮಿಸ್ಟ್ರಿ ಮೇಡಮ್ಮು. ಎರಡು ಸಾವಿರದ ಇಸವಿಯ ಆಚೀಚೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿದು, ರಜೆ ಹಾಕಿ, ಹೊಳೆನರಸೀಪುರದ ತವರಿನಿಂದ ದಿನಾ ಬಸ್ಸಿನಲ್ಲಿ ಹಾಸನದ ಒಂದು ಪ್ರಯೋಗಾಲಯಕ್ಕೆ ಓಡಾಡುತ್ತಿದ್ದೆ. ಎಂಥ ಸೋಪು ಗ್ಯಾಸಿನಲ್ಲಿ ಕರಗುತ್ತದೆ ಎಂಬುದು ನನ್ನ ವಿಷಯ. ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ನಮ್ಮ ತಂದೆ ಪೂರ್ತಿ ಕೇಳಿಸಿಕೊಂಡು, "ಗ್ಯಾಸಿಗೆ ಸ್ನಾನ ಯಾಕಮ್ಮ?" ಎಂದಿದ್ದರು.

ನೀವೂ ಹಾಗೇ ಕೇಳುವ ಮೊದಲು ಹೇಳಿಬಿಡುತ್ತೇನೆ. ಸೋಡಾದ ಗುಳ್ಳೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ತುಸು ಬೆಚ್ಚಗೆ ಮಾಡಿ ಬಲವಾಗಿ ಅದುಮಿದರೆ ಅದು ಗ್ಯಾಸೂ ಅಲ್ಲದ, ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ, ಸೂಪರ್‌ಕ್ರಿಟಿಕಲ್ ಎನ್ನುತ್ತಾರೆ. ಗ್ಯಾಸಿನ ಹಾಗೆ ಸಂದಿಗೊಂದಿಗೆಲ್ಲ ನುಗ್ಗುತ್ತದೆ, ದ್ರವದ ಹಾಗೆ ಕರಗಿಸಿಕೊಳ್ಳುತ್ತದೆ. ಅದರಲ್ಲಿ ರೇಷ್ಮೆ ಸೀರೆಯನ್ನು ನೀರೇ ಇಲ್ಲದೆ ಒಗೆಯಬಹುದು. ಆದರೆ ಒಗೆಯಲು ಸೋಪು ಬೇಕಲ್ಲ, ಮಾಮೂಲಿ ಸೋಪು ಅದರಲ್ಲಿ ಕರಗುವುದೇ ಇಲ್ಲ. ಸೋಪಿನ ಅಣುವಿಗೆ ಒಂದು ತಲೆ, ಒಂದು ಬಾಲ. ಬಾಲ ಉದ್ದಕ್ಕೆ ನೆಟ್ಟಗಿದ್ದರೆ ಅಣುಗಳು ಮೆದೆಯಲ್ಲಿನ ರಾಗಿಹುಲ್ಲಿನ ಹಾಗೆ ಒಂದಕ್ಕೊಂದು ಒತ್ತಿಕೊಂಡು ಮಲಗಿಬಿಡುತ್ತವೆ, ಬಿಡಿಸುವ ತಾಕತ್ತು ಆ ಬಡಪಾಯಿ ಗ್ಯಾಸಿಗಿಲ್ಲ. ಬಾಲ ಗಿಡ್ಡಗಿದ್ದು ಅಕ್ಕಪಕ್ಕಕ್ಕೆ ಕವಲೊಡೆದಿದ್ದರೆ ಬೇಲಿಮುಳ್ಳಿನ ಹಾಗೆ ನಡುನಡುವೆ ಸಂದಿ ಇರುತ್ತದೆ. ಆ ಸಂದಿಯಲ್ಲಿ ಗ್ಯಾಸು ನುಗ್ಗಿ ಕರಗಿಸಬೇಕು. ಇದು ನನ್ನ ನಂಬಿಕೆ. ಪುರಾವೆ ಮಾತ್ರ ಇರಲಿಲ್ಲ.

ನೋಡುವುದಕ್ಕೆ ಇದ್ದದ್ದು ಗಾಜಿನ ಪುಟ್ಟ ಕಿಟಕಿಯ ಒಂದು ಉಕ್ಕಿನ ಪಾತ್ರೆ. ಸೋಪು ಕರಗಿದರೆ ಒಳಗೆಲ್ಲ ತಿಳಿ, ಇಲ್ಲದಿದ್ದರೆ ಮಬ್ಬು. ಅದರಲ್ಲಿ ನನ್ನ ಪಾಲುದಾರರು ಪುಟ್ಟಸ್ವಾಮಿ. ಚನ್ನರಾಯಪಟ್ಟಣದ ಕಡೆಯ ರೈತರ ಮನೆಯವರು, ನನ್ನ ಹಾಗೇ ರಜೆ ಹಾಕಿ ಬಂದ ಮೇಷ್ಟ್ರು. ಅದೇ ಪಾತ್ರೆಯಲ್ಲಿ ಶುಂಠಿಯ ಎಣ್ಣೆ ತೆಗೆಯುತ್ತಿದ್ದರು. ಪಾಠ ಮಾಡುವಾಗ ಗ್ರಂಥಭಾಷೆ, ನನ್ನ ಜೊತೆ ಮಾತ್ರ ಅಪ್ಪಟ ಊರಿನ ಮಾತು. ನಮ್ಮಿಬ್ಬರಿಗೂ ಜಗಳವಿದ್ದದ್ದು ಒಂದೇ ವಿಷಯಕ್ಕೆ. ಆಯುಧಪೂಜೆಗೆ ಅವರು ಪಾತ್ರೆಗೆ ಕುಂಕುಮ ಇಡುತ್ತಿದ್ದರು, ನಾನು ಒರೆಸುತ್ತಿದ್ದೆ. "ಐನೋರ ಮಗಳಾಗಿ ಇಂಗಾ?" ಎಂದು ರೇಗಿಸುತ್ತಿದ್ದರು. ಪೂಜೆ ಮನೆಯಲ್ಲಿ ಬೇಕಾದಷ್ಟಾಗಿದೆ, ಇಲ್ಲಿ ಸ್ಪಿರಿಟ್ಟು ಸಾಕು ಎನ್ನುತ್ತಿದ್ದೆ.

ಕೊನೆಯ ವರ್ಷದ ದಸರೆ ಬಂತು. ದೀಪಾವಳಿಗೆ ನನ್ನ ರಜೆ ಮುಗಿಯುತ್ತಿತ್ತು. ನೆಟ್ಟನೆ ಬಾಲದ ಸೋಪುಗಳೆಲ್ಲ ಮಬ್ಬಾಗಿಯೇ ಉಳಿದು ನನ್ನ ಮಾನ ಕಳೆದಿದ್ದವು. ಇನ್ನುಳಿದದ್ದು ತಿಂಗಳುಗಟ್ಟಲೆ ಒದ್ದಾಡಿ ನಾನೇ ತಯಾರಿಸಿದ ಕವಲುಬಾಲದ ಸೋಪು, ಚಿಟಿಕೆಯಷ್ಟು. ಇದೂ ಕರಗದಿದ್ದರೆ ನನ್ನ ಪಿಎಚ್‌ಡಿಗೆ ಎಳ್ಳುನೀರೇ.

ಹಬ್ಬ ಕಳೆದ ಮರುದಿನ ಅರ್ಧ ಚಿಟಿಕೆ ಹಾಕಿ ಒತ್ತಡ ಏರಿಸಿದೆ. ಮಬ್ಬು. ಇನ್ನೂ ಏರಿಸಿದೆ, ಅದೇ ಮಬ್ಬು. ಸಿಲಿಂಡರ್ ಖಾಲಿಯಾಯಿತು. ನಾನು ಸ್ಟೂಲಿನ ಮೇಲೆ ಕುಸಿದು ಕೂತೆ.

ಪುಟ್ಟಸ್ವಾಮಿ ಬಂದು ಕಿಟಕಿಯಲ್ಲಿ ಇಣುಕಿದರು. "ಒತ್ತಡ ಏರ್ಸುದ್ರೂ ಮಬ್ಬು ಒಂಚೂರೂ ಕಮ್ಮಿ ಆಗ್ನಿಲ್ವಾ?"

"ಇಲ್ಲ."

ಅವರ ಮುಖ ಸಣ್ಣಗಾಯಿತು. ಒತ್ತಡ ಇಳಿಸಿ ಮುಚ್ಚಳ ಬಿಚ್ಚಿ ತಿರುಗಿಸಿದರು. ಒಳಮೈಯಲ್ಲಿ ಕೆಂಪಗೆ ಹರಡಿಕೊಂಡಿತ್ತು.

"ನಾನೇ ಕಣಮ್ಮ. ಓದ್ಸಲ ಒರಗಡೆ ಇಟ್ಟಿದ್ನ ನೀನು ಒರೆಸ್ಬುಟ್ಟೆ. ಅದ್ಕೇ ಈ ಸಲ ಒಳಗಡೆ ಇಟ್ಟೆ."

ಯಾವ ಒತ್ತಡಕ್ಕೂ ಜಗ್ಗದ ಕುಂಕುಮದ ಪುಡಿ ಒಳಗೆಲ್ಲ ತೇಲಾಡುತ್ತ ನನ್ನ ಸೋಪನ್ನೇ ಮರೆಮಾಡಿತ್ತು! ಬೈಯಲು ಬಾಯಿ ತೆರೆದೆ. ನಗು ಬಂದುಬಿಟ್ಟಿತು, ಆಮೇಲೆ ಅಳು. ಉಳಿದರ್ಧ ಚಿಟಿಕೆ ಸೋಪೇನೋ ಇತ್ತು, ಗ್ಯಾಸು ಎಲ್ಲಿಂದ ತರುವುದು? ಹೊಸ ಸಿಲಿಂಡರ್ ಬರುವುದು ದೀಪಾವಳಿ ಕಳೆದ ಮೇಲೆಯೇ.

ಅವರು ಮೂಲೆಯಿಂದ ತಮ್ಮ ಸಿಲಿಂಡರನ್ನು ಉರುಳಿಸಿಕೊಂಡು ಬಂದರು. ಕೊನೆಯ ಸುತ್ತಿನ ಶುಂಠಿಗೆಂದು ಕಾದಿರಿಸಿದ್ದು ಅದು. ನಾನು ಬೇಡವೆಂದೆ.

"ಸುಮ್ಕಿರಮ್ಮ. ಸುಂಠಿ ನಮ್ಮೊಲದಾಗೇ ಬೆಳೀತದೆ. ನಿನ್ ರಜಾ ಬೆಳೀತದಾ?"

ಮುಚ್ಚಳವನ್ನು ಇಬ್ಬರೂ ಸೇರಿ ತಿಕ್ಕಿ ತಿಕ್ಕಿ ತೊಳೆದೆವು. ಮತ್ತೆ ಒತ್ತಡ ಏರಿಸಿದೆ. ಮೊದಲು ಮಬ್ಬು, ಏರುತ್ತ ಏರುತ್ತ ಮಬ್ಬು ತೆಳುವಾಯಿತು, ಆಮೇಲೆ ಇಲ್ಲವೇ ಇಲ್ಲ. ಕಿಟಕಿಯಾಚೆ ಏನೂ ಕಾಣಿಸಲಿಲ್ಲ. ಜನ್ಮದಲ್ಲಿ ಏನೂ ಕಾಣದ್ದನ್ನು ನೋಡಿ ಅಷ್ಟು ಸಂತೋಷಪಟ್ಟವಳಲ್ಲ ನಾನು. "ಕರಗ್ತು ಕಣ್ಲಾ!" ಎಂದು ಪುಟ್ಟಸ್ವಾಮಿ ಗೋಡೆಯ ಗಡಿಯಾರಕ್ಕೆ ಹೇಳಿದರು.

ಆ ಸಲ ಸಿಲಿಂಡರ್ ಬರುವುದು ಬಹಳ ತಡವಾಯಿತಂತೆ. ಅವರ ರಜೆಯೂ ಮುಗಿದು, ಪದವಿ ನನಗಿಂತ ಒಂದು ವರ್ಷ ಹಿಂದೆ ಬಿತ್ತು. ನನಗೆ ಇದು ತಿಳಿದದ್ದು ಬೇರೆಯವರಿಂದ, ಎಷ್ಟೋ ಕಾಲದ ಮೇಲೆ.

ಸೊಸೆಗೆ ಇದನ್ನೆಲ್ಲ ಹೇಳುತ್ತ ಹೇಳುತ್ತ ತಡೆಯಲಾರದೆ ಪುಟ್ಟಸ್ವಾಮಿಗೆ ಫೋನು ಮಾಡಿದೆ. ರಿಟೈರಾಗಿ ಊರಲ್ಲೇ ಇದ್ದಾರೆ. "ನನ್ನಿಂದ ನಿಮಗೆ ಒಂದು ವರ್ಷ ಹೋಯ್ತಲ್ಲ" ಎಂದೆ, ಇಷ್ಟು ವರ್ಷ ಗಂಟಲಲ್ಲೇ ಇದ್ದ ಮಾತು.

"ಅದ್ಯಾಕಮ್ಮ ಈಗ? ಕರಗ್ತಲ್ಲ, ಬುಡು. ಕುಂಕುಮ ಎಲ್ಲಿಟ್ಟೆ, ಅದೇಳು."

"ಒಂದು ನಿಮಿಷ ಇರಿ" ಎಂದು ಅಡುಗೆಮನೆಗೆ ಹೋದೆ. ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡು ಕುಕ್ಕರಿನ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟೆ.

"ಹೊರಗಡೆಯೇ ಇಟ್ಟಿದ್ದೀನಿ" ಎಂದೆ. "ಈ ಸಲ ಒರೆಸಲ್ಲ."